ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ



ಬಡವನೊಬ್ಬ ಸಿರಿವಂತರನ್ನು ಸೋಲಿಸಿದ ಕಥೆಯೆಂದರೆ ನಮಗೆಲ್ಲ ಎಲ್ಲಿಲ್ಲದ ಪ್ರೀತಿ. ತರಗತಿಯಲ್ಲಿ ಮಕ್ಕಳ ಕಣ್ಣರಳುವುದೇ ಅಂತಹ ಕಥೆಗಳಿಗೆ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನಾಗಿ ಅವುಗಳ ಬೆಲೆಯನ್ನು ನಾನು ಬಲ್ಲೆ. ಆದರೆ ಮಕ್ಕಳಿಗೆ ಧೈರ್ಯ ತುಂಬಲು ಹೇಳುವ ಕಥೆಯನ್ನು ದೊಡ್ಡವರು ಲೆಕ್ಕಪತ್ರದ ಜಾಗದಲ್ಲಿಟ್ಟು, “ನೋಡಿ, ಹಣವಿಲ್ಲದೆಯೂ ಎಲ್ಲ ಸಾಗುತ್ತದೆ” ಎನ್ನತೊಡಗಿದರೆ ಅದು ನೀತಿಕಥೆಯಾಗಿ ಉಳಿಯುವುದಿಲ್ಲ. ಯಾರದೋ ಹೊಣೆಗೇಡಿತನದ ಮೇಲೆ ಹೊದಿಸಿದ ಶಾಲು ಆಗುತ್ತದೆ. ಯುರೋಪಿನ ವೃತ್ತಿಪರ ಸೈಕಲ್ ಪಂದ್ಯಗಳ ಜಗತ್ತಿನಲ್ಲಿ ಆ ಶಾಲನ್ನು ಎಷ್ಟೋ ವರ್ಷಗಳಿಂದ ಹೊದಿಸುತ್ತಲೇ ಬಂದಿದ್ದಾರೆ. ಇಂದು ಅದನ್ನು ಸ್ವಲ್ಪ ಸರಿಸಿ ನೋಡೋಣ.

“ಗುರುಗಳೇ, ನಿಮಗೂ ಯುರೋಪಿನ ಸೈಕಲ್ಲಿಗೂ ಏನು ಸಂಬಂಧ?” ಎಂದು ಕೇಳುವವರಿಗೆ ಮೊದಲೇ ಉತ್ತರಿಸಿಬಿಡುತ್ತೇನೆ. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಹುಟ್ಟಿದವರಿಗೆ ಸೈಕಲ್ ಸ್ಪರ್ಧೆ ಹೊಸದಲ್ಲ. ರಾಜ್ಯಕ್ಕೆ, ದೇಶಕ್ಕೆ ಪದಕ ತಂದ ಸೈಕಲ್ ಸವಾರರು ಈ ಎರೆಮಣ್ಣಿನ ಹಳ್ಳಿಗಳಿಂದ ಬಂದವರು. ರೊಟ್ಟಿ ಕಟ್ಟಿಕೊಂಡು ನಸುಕಿನಲ್ಲಿ ಹೆದ್ದಾರಿಗಿಳಿದವರು. ನನ್ನ ತರಗತಿಯಲ್ಲಿ ಕುಳಿತಿದ್ದ ಕೆಲವರು ಕ್ರೀಡಾ ವಸತಿನಿಲಯ ಸೇರಿ, ಮುಂದೆ ರೈಲ್ವೆಯಲ್ಲಿ ನೌಕರಿ ಹಿಡಿದರು. ಅವರ ಮೂಲಕವೇ ನನಗೂ ಈ ಹುಚ್ಚು ಹತ್ತಿದ್ದು. ನಿವೃತ್ತಿಯ ನಂತರ ಜುಲೈ ತಿಂಗಳ ಮಧ್ಯಾಹ್ನಗಳನ್ನು ನಾನು ಟೂರ್ ಡಿ ಫ್ರಾನ್ಸ್ ನೋಡುತ್ತಾ ಕಳೆಯುತ್ತೇನೆ; ಮನೆಯವರು ಬೈಯುವುದನ್ನೂ ಬಿಟ್ಟಿದ್ದಾರೆ.

2024ರ ಜುಲೈಯಲ್ಲಿ ಆ ಹಳೆಯ ವಿದ್ಯಾರ್ಥಿಗಳೆಲ್ಲ ನನಗೆ ಒಂದೇ ಬಗೆಯ ಸಂದೇಶ ಕಳುಹಿಸಿದರು. ಎರಿಟ್ರಿಯಾದ ಅಸ್ಮಾರಾದಲ್ಲಿ ಹುಟ್ಟಿದ ಬಿನಿಯಾಮ್ ಗಿರ್ಮಾಯ್ ಎಂಬ ತರುಣ ಆ ಸಲದ ಟೂರ್‌ನಲ್ಲಿ ಮೂರು ಹಂತಗಳನ್ನು ಗೆದ್ದ. ಮೊದಲನೆಯದು ಇಟಲಿಯ ಟುರಿನ್ನಿನಲ್ಲಿ. ಟೂರ್‌ನ ಹಂತವೊಂದನ್ನು ಗೆದ್ದ ಮೊದಲ ಕಪ್ಪು ಆಫ್ರಿಕನ್ ಆತ. ಕೊನೆಗೆ ಅಂಕಗಳ ಸ್ಪರ್ಧೆಯ ಹಸಿರು ಜರ್ಸಿಯನ್ನೂ ತೊಟ್ಟು ಓಟ ಮುಗಿಸಿದ. ಆತನ ತಂಡ ಇಂಟರ್‌ಮಾರ್ಷೆ-ವಾಂಟಿ, ಬೆಲ್ಜಿಯಮ್ಮಿನದು. ಮೊದಲ ದರ್ಜೆಯ ತಂಡಗಳಲ್ಲೇ ಕೈ ಬಿಗಿಯಾಗಿದ್ದ ತಂಡಗಳಲ್ಲಿ ಒಂದು. “ಸರ್, ನೋಡಿದಿರಾ? ಬಡ ತಂಡ, ಬಡ ದೇಶದ ಹುಡುಗ. ಮನಸ್ಸಿದ್ದರೆ ಮಾರ್ಗ!” ಪತ್ರಿಕೆಗಳ ಕ್ರೀಡಾಪುಟಗಳೂ ಇದನ್ನೇ ಹಾಡಿದವು. ಗಿರ್ಮಾಯ್ ಗೆದ್ದದ್ದಕ್ಕೆ ನನಗೂ ಕಣ್ಣು ತುಂಬಿ ಬಂದಿತ್ತು. ನನ್ನ ತಕರಾರು ಆತನ ಗೆಲುವಿನ ಬಗ್ಗೆಯಲ್ಲ. ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ “ಮಂಗಳಂ” ಹಾಡಿದವರ ಬಗ್ಗೆ.

ಉಳಿದರ್ಧ ಹೀಗಿದೆ. ಗಿರ್ಮಾಯ್ ವೃತ್ತಿಪರನಾಗಿ ಮೊದಲು ಸವಾರಿ ಮಾಡಿದ್ದು ಡೆಲ್ಕೊ ಎಂಬ ಫ್ರಾನ್ಸಿನ ಸಣ್ಣ ತಂಡಕ್ಕೆ. 2021ರಲ್ಲಿ ಆ ತಂಡ ಹಣದ ಮುಗ್ಗಟ್ಟಿಗೆ ಸಿಲುಕಿತು. ವರ್ಷದ ನಡುವೆಯೇ ಆತ ಬೆಲ್ಜಿಯಮ್ಮಿನ ತಂಡಕ್ಕೆ ಬಂದ. ಡೆಲ್ಕೊ ಅದೇ ವರ್ಷ ಮುಚ್ಚಿಹೋಯಿತು. ಅವನನ್ನು ಕರೆದುಕೊಂಡ ತಂಡದ್ದೂ ಸುಲಭದ ಬದುಕಾಗಿರಲಿಲ್ಲ. 2016ರ ಮಾರ್ಚ್ 27ರಂದು ಘೆಂಟ್-ವೆವೆಲ್ಗೆಮ್ ಓಟದಲ್ಲಿ ಆ ತಂಡದ 25 ವರ್ಷದ ಆಂತ್ವಾನ್ ದೆಮ್ವಾತಿಯೆ ಬಿದ್ದಾಗ ಹಿಂದಿನಿಂದ ಬಂದ ಓಟದ ಮೋಟಾರ್‌ಸೈಕಲ್ಲೊಂದು ಹಾಯ್ದು ಆತ ತೀರಿಕೊಂಡ. ಮೂರು ವಾರಗಳ ನಂತರ ಅದೇ ತಂಡದ ಎನ್ರಿಕೊ ಗಾಸ್ಪರೊಟ್ಟೊ ಆಮ್‌ಸ್ಟೆಲ್ ಗೋಲ್ಡ್ ಓಟ ಗೆದ್ದು ಗೆಲುವನ್ನು ಆ ಗೆಳೆಯನಿಗೆ ಅರ್ಪಿಸಿದ. ಸರಿಯಾಗಿ ಆರು ವರ್ಷಗಳ ಮೇಲೆ, 2022ರ ಮಾರ್ಚ್ 27ರಂದು, ಅದೇ ಘೆಂಟ್-ವೆವೆಲ್ಗೆಮ್ ಓಟವನ್ನು ಗಿರ್ಮಾಯ್ ಗೆದ್ದ. ಹೀಗೆ ಸಾವನ್ನೂ ಗೆಲುವನ್ನೂ ಒಟ್ಟಿಗೆ ಹೊತ್ತು ನಡೆದ ತಂಡವದು. ಹಸಿರು ಜರ್ಸಿಯ ಸಂಭ್ರಮ ಮುಗಿದು ಒಂದೂವರೆ ವರ್ಷ ಕಳೆಯುವುದರೊಳಗೆ ಅದಕ್ಕೆ ತನ್ನ ಕಾಲ ಮೇಲೆ ನಿಲ್ಲಲಾಗಲಿಲ್ಲ. 2026ರ ಋತುವಿಗೆ ಅದು ಲೊಟ್ಟೊ ತಂಡದೊಂದಿಗೆ ವಿಲೀನವಾಯಿತು. ಗಿರ್ಮಾಯ್ ಬೇರೆ ತಂಡಕ್ಕೆ ಹೋದ. ಎರಡು ತಂಡಗಳ ಸವಾರರು, ಮೆಕ್ಯಾನಿಕ್ಕುಗಳು, ಮಾಲೀಸು ಮಾಡುವವರು ಒಂದು ತಂಡದಲ್ಲಿ ಹಿಡಿಸುವುದಿಲ್ಲ ಎಂಬುದನ್ನು ಯಾವ ಗಣಿತದ ಮೇಷ್ಟರೂ ಹೇಳಿಕೊಡಬೇಕಿಲ್ಲ.

ಮನಸ್ಸಿತ್ತು. ಮಾರ್ಗ ಎಲ್ಲಿ ಹೋಯಿತು?

ಲೆಕ್ಕ ಬರೆದು ನೋಡೋಣ. 2024ರಲ್ಲಿ ಟೂರ್‌ನ ಒಂದು ಹಂತ ಗೆದ್ದವನಿಗೆ ಬಹುಮಾನ 11,000 ಯೂರೋ. ಮೂರು ಹಂತಕ್ಕೆ 33,000. ಹಸಿರು ಜರ್ಸಿಗೆ 25,000. ಒಟ್ಟು 58,000 ಯೂರೋ. ದಿನದಿನದ ಚಿಲ್ಲರೆ ಬಹುಮಾನಗಳನ್ನು ಬಿಟ್ಟರೆ, ಆಫ್ರಿಕಾದ ಇತಿಹಾಸವನ್ನೇ ತಿರುಗಿಸಿದ ಸಾಧನೆಯ ನಗದು ಬೆಲೆ ಇಷ್ಟೇ. ಇದನ್ನೂ ತಂಡದ ಇತರ ಸವಾರರೊಂದಿಗೆ, ಸಿಬ್ಬಂದಿಯೊಂದಿಗೆ ಹಂಚಿಕೊಳ್ಳುವುದು ಸೈಕಲ್ ಲೋಕದ ಒಳ್ಳೆಯ ಸಂಪ್ರದಾಯ. ಇನ್ನು ಟೂರ್‌ಗೆ ಬಂದದ್ದಕ್ಕೆಂದು ಸಂಘಟಕರು ಪ್ರತಿ ತಂಡಕ್ಕೆ ಕೊಡುವ ಭತ್ಯೆ ಸುಮಾರು 50,000 ಯೂರೋ. ಮೊದಲ ದರ್ಜೆಯ ತಂಡದ ನೌಕರ ಸವಾರನೊಬ್ಬನಿಗೆ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ 2023ರಲ್ಲಿ ನಿಗದಿ ಮಾಡಿದ್ದ ಕನಿಷ್ಠ ವಾರ್ಷಿಕ ಸಂಬಳವೇ 40,000 ಯೂರೋಗಿಂತ ಸ್ವಲ್ಪ ಹೆಚ್ಚು. ಎಂಟು ಸವಾರರು ಮೂರು ವಾರ ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ತುಳಿದದ್ದಕ್ಕೆ ಸಂದ ಭತ್ಯೆಯಿಂದ, ಅತ್ಯಂತ ಕಡಿಮೆ ಸಂಬಳದ ಒಬ್ಬನನ್ನು ಒಂದು ವರ್ಷದ ಮೇಲೆ ಕೆಲವು ತಿಂಗಳು ಸಾಕಬಹುದು. ಆದರೆ ಅದೇ ಓಟವನ್ನು ಸುಮಾರು 190 ದೇಶಗಳಿಗೆ ತೋರಿಸುತ್ತೇವೆಂದು ಸಂಘಟಕರು ಎದೆಯುಬ್ಬಿಸಿ ಹೇಳುತ್ತಾರೆ. ಆ ದೂರದರ್ಶನ ಹಕ್ಕಿನ ಹಣದಲ್ಲಿ ತಂಡಗಳಿಗೆ ಪಾಲಿಲ್ಲ. ಓಟ ಆರಂಭವಾಗುವ, ಮುಗಿಯುವ ಊರುಗಳು ಕೊಡುವ ಹಣದಲ್ಲೂ ಪಾಲಿಲ್ಲ. ರಸ್ತೆ ಸರ್ಕಾರದ್ದು, ಬೆವರು ಸವಾರನದು, ಸವಾರನ ಸಂಬಳ ಪ್ರಾಯೋಜಕನದು, ಗಳಿಕೆ ಮಾತ್ರ ಸಂಘಟಕನದು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎನ್ನುವುದು ಇದಕ್ಕಲ್ಲದೆ ಮತ್ತಾವುದಕ್ಕೆ?

ಇದು ನಿನ್ನೆ ಮೊನ್ನೆ ಹುಟ್ಟಿದ ಏರ್ಪಾಡಲ್ಲ. 1903ರಲ್ಲಿ ಹಾನ್ರಿ ದೆಗ್ರಾಂಜ್ ಎಂಬ ಸಂಪಾದಕ ತನ್ನ ‘ಲೋಟೊ’ ಪತ್ರಿಕೆಯ ಪ್ರಸಾರ ಹೆಚ್ಚಿಸಲು ಹೂಡಿದ ಉಪಾಯವೇ ಟೂರ್ ಡಿ ಫ್ರಾನ್ಸ್. ಅಂದರೆ ಸವಾರ ಮೊದಲ ದಿನದಿಂದಲೂ ಬೇರೊಬ್ಬರ ಸರಕನ್ನು ಮಾರಲು ದುಡಿದವನು. ಅಂದು ಆತನಿಗೆ ಸಂಬಳ ಕೊಡುತ್ತಿದ್ದವರು ಸೈಕಲ್ ಕಾರ್ಖಾನೆಗಳವರು. ಅವರ ಮೇಲಾಟ ಕಂಡು ರೋಸಿಹೋದ ದೆಗ್ರಾಂಜ್ 1930ರಲ್ಲಿ ಕಂಪನಿ ತಂಡಗಳನ್ನೇ ಹೊರಹಾಕಿ ರಾಷ್ಟ್ರೀಯ ತಂಡಗಳನ್ನು ಓಡಿಸಿದ. ಖರ್ಚು ತೂಗಿಸಲು ಅದೇ ವರ್ಷ ಓಟದ ಮುಂದೆ ಜಾಹೀರಾತು ವಾಹನಗಳ ಮೆರವಣಿಗೆ ಹೊರಡಿಸಿದ. 1950ರ ದಶಕದಲ್ಲಿ ಸೈಕಲ್ ಕಾರ್ಖಾನೆಗಳೇ ಸೊರಗಿದವು. ಆಗ, 1954ರಲ್ಲಿ, ಇಟಲಿಯ ಫಿಯೊರೆಂಜೊ ಮಾಗ್ನಿ ಮುಖಕ್ಕೆ ಹಚ್ಚುವ ನಿವಿಯಾ ಕ್ರೀಮಿನ ಹೆಸರನ್ನು ಜರ್ಸಿಯ ಮೇಲೆ ತಂದ. ಸೈಕಲ್ಲಿಗೂ ಕ್ರೀಮಿಗೂ ಏನು ನಂಟು ಎಂದು ಮೂಗು ಮುರಿದವರು ಬಹಳ. ಆದರೆ 1962ರಲ್ಲಿ ಕಂಪನಿ ತಂಡಗಳು ಟೂರ್‌ಗೆ ಮರಳಿದ ಮೇಲೆ ಮಾಗ್ನಿ ತೋರಿದ ದಾರಿಯೇ ಹೆದ್ದಾರಿಯಾಯಿತು. ಅಂದಿನಿಂದ ಇಂದಿನವರೆಗೆ ತಂಡಕ್ಕೆ ಮಾರಲು ಇರುವ ಸರಕು ಒಂದೇ: ಎದೆಯ ಮೇಲಿನ ಒಂದು ಗೇಣು ಬಟ್ಟೆ.

ನಮ್ಮ ಕಡೆಯ ನಾಟಕ ಕಂಪನಿಗಳ ಮಾಲೀಕರ ಕಷ್ಟವನ್ನು ನಾನು ಹತ್ತಿರದಿಂದ ಕಂಡವನು. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ಥಿಯೇಟರ್ ಹಾಕುವ ಕಂಪನಿಗಳವರು ಸಾಲ ಮಾಡುತ್ತಾರೆ, ಮಳೆ ಬಂದರೆ ಮುಳುಗುತ್ತಾರೆ, ಹಾಸ್ಯ ಪಾತ್ರಧಾರಿ ಕೈಕೊಟ್ಟರೆ ತಲೆಯ ಮೇಲೆ ಕೈಹೊತ್ತು ಕೂಡುತ್ತಾರೆ. ಆದರೂ ಆ ಮಾಲೀಕನ ಬಳಿ ಒಂದು ಗೇಟು ಇದೆ. ನಾಟಕ ಚೆನ್ನಾಗಿದ್ದರೆ ಗೇಟಿನಲ್ಲಿ ಜನ ನುಗ್ಗುತ್ತಾರೆ. ಅಂದಿನ ಗಲ್ಲಾಪೆಟ್ಟಿಗೆಯಿಂದ ಅಂದಿನ ಅಡುಗೆ ನಡೆಯುತ್ತದೆ. ಕಲೆಗೂ ಗಳಿಕೆಗೂ ನಡುವೆ ನೇರ ದಾರಿಯೊಂದಿದೆ. ಸೈಕಲ್ ತಂಡಕ್ಕೆ ಆ ಗೇಟೇ ಇಲ್ಲ. ಆಲ್ಪ್ಸ್ ಪರ್ವತದ ತಿರುವಿನಲ್ಲಿ ಲಕ್ಷಾಂತರ ಜನ ನಿಂತು ಚಪ್ಪಾಳೆ ಹೊಡೆದರೂ ತಂಡದ ಪೆಟ್ಟಿಗೆಗೆ ಒಂದು ಬಿಡಿಗಾಸು ಬೀಳುವುದಿಲ್ಲ. ಅದಕ್ಕೆ ಸ್ವಂತ ಮೈದಾನವಿಲ್ಲ, ಟಿಕೆಟ್ಟಿಲ್ಲ, ಸ್ವಂತ ಹೆಸರೂ ಇಲ್ಲ. ಸ್ಪೇನಿನ ಒಂದೇ ಹಳೆಯ ತಂಡ 1980ರಿಂದ ರೆನಾಲ್ಡ್ಸ್, ಬನೆಸ್ಟೊ, ಇಲ್ಲೆಸ್ ಬಲೆಆರ್ಸ್, ಕೆಸ್ ದೆಪಾರ್ನ್ಯ್, ಮೊವಿಸ್ಟಾರ್ ಎಂದು ಹೆಸರು ಬದಲಿಸುತ್ತ ಬಂದಿದೆ. ಅಷ್ಟಾದರೂ ಬದುಕಿದೆಯಲ್ಲ ಎಂದು ಅದನ್ನೇ ಭಾಗ್ಯವಂತ ತಂಡ ಎನ್ನುತ್ತಾರೆ!

ಖರ್ಚಿನ ಕಡೆ ನೋಡಿ. ಇಪ್ಪತ್ತರಿಂದ ಮೂವತ್ತು ಸವಾರರು. ಓಟದ ಹಿಂದೆ ಕಾರಿನಲ್ಲಿ ಕುಳಿತು ತಂತ್ರ ಹೇಳುವ ನಿರ್ದೇಶಕರು, ವೈದ್ಯರು, ಮೆಕ್ಯಾನಿಕ್ಕುಗಳು, ಮಾಲೀಸಿನವರು, ಚಾಲಕರು. ಒಂದು ಬಸ್ಸು, ಒಂದು ಲಾರಿ, ಹಲವು ಕಾರು. ಋತುವಿನ ಉತ್ಕರ್ಷದಲ್ಲಿ ಒಂದೇ ಭಾನುವಾರ ಎರಡು ಮೂರು ದೇಶಗಳಲ್ಲಿ ಓಟವಿರುತ್ತದೆ. ಶ್ರೀಮಂತ ತಂಡ ಎಲ್ಲ ಕಡೆಗೂ ಪ್ರತ್ಯೇಕ ಸರಂಜಾಮು ಕಳುಹಿಸುತ್ತದೆ, ಬಡ ತಂಡದ ಮೆಕ್ಯಾನಿಕ್ ರಾತ್ರಿಯಿಡೀ ಲಾರಿ ಓಡಿಸಿ ಬೆಳಿಗ್ಗೆ ಸೈಕಲ್ ತೊಳೆಯುತ್ತಾನೆ. ಇದಲ್ಲದೆ ಲೈಸೆನ್ಸಿಗಾಗಿ ಬ್ಯಾಂಕ್ ಖಾತರಿ ಮುಂಗಡವಾಗಿಯೇ ಕೊಡಬೇಕು. ಬ್ರಿಟನ್ನಿನ ಸ್ಕೈ ತಂಡದ ವರ್ಷದ ಖರ್ಚು 2016ರ ಹೊತ್ತಿಗೇ 3 ಕೋಟಿ ಪೌಂಡ್ ದಾಟಿತ್ತು. ಅದರ ಅರ್ಧವನ್ನೋ ಕಾಲುಭಾಗವನ್ನೋ ಹಿಡಿದುಕೊಂಡ ತಂಡ ಅದೇ ಬೆಟ್ಟವನ್ನು ಅದೇ ದಿನ ಹತ್ತಬೇಕು. ಇನ್ನೂ ಕೆಳಗೆ, ಮೂರನೇ ದರ್ಜೆಯಾದ ಕಾಂಟಿನೆಂಟಲ್ ತಂಡಗಳಿಗೆ ಯುಸಿಐ ಕನಿಷ್ಠ ಸಂಬಳವನ್ನೇ ವಿಧಿಸಿಲ್ಲ. ಅಲ್ಲಿ ಎಷ್ಟೋ ತರುಣರಿಗೆ ಸೈಕಲ್ಲು, ಜರ್ಸಿ, ಊಟ ಸಿಕ್ಕರೆ ಅದೇ ಸಂಬಳ. ಹೆಂಗಸರ ತಂಡಗಳ ಮೊದಲ ದರ್ಜೆಗೆ ಕನಿಷ್ಠ ಸಂಬಳ ಬಂದದ್ದೇ 2020ರಲ್ಲಿ. ಅದೂ 15,000 ಯೂರೋದಿಂದ ಆರಂಭ.

ಸಣ್ಣ ತಂಡಕ್ಕೆ ಇನ್ನೊಂದು ಕುಣಿಕೆಯೂ ಇದೆ: ಆಹ್ವಾನ. ಎರಡನೇ ದರ್ಜೆಯ ಬಹುತೇಕ ತಂಡಗಳು ಟೂರ್‌ಗೆ ಹೋಗಬೇಕಾದರೆ ಸಂಘಟಕರು ಕರೆಯಬೇಕು. ಕರೆ ಬಂದರೆ ಪ್ರಾಯೋಜಕ ಉಳಿಯುತ್ತಾನೆ, ಬಾರದಿದ್ದರೆ ಹೊರಡುತ್ತಾನೆ. ಪ್ರಾಯೋಜಕ ಸಹಿ ಹಾಕುವುದಕ್ಕೆ ಆಹ್ವಾನ ಕೇಳುತ್ತಾನೆ. ಸಂಘಟಕರು ಆಹ್ವಾನಿಸುವುದಕ್ಕೆ ಒಳ್ಳೆಯ ಸವಾರರನ್ನು ಕೇಳುತ್ತಾರೆ. ಒಳ್ಳೆಯ ಸವಾರ ಬರುವುದಕ್ಕೆ ಹಣ ಕೇಳುತ್ತಾನೆ. ಹಣ ಪ್ರಾಯೋಜಕನ ಬಳಿ ಇದೆ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬಂತಾಯಿತು ತಂಡದ ಪಾಡು.

ಇಂತಹ ಗಾಣದಲ್ಲಿ ಅರೆದುಹೋದವರು ಎಷ್ಟು ಜನ! ಫ್ರಾನ್ಸಿನ ಬಿ ಆ್ಯಂಡ್ ಬಿ ಹೋಟೆಲ್ಸ್ ತಂಡವನ್ನು ಮಾಜಿ ಸವಾರ ಜೆರೋಮ್ ಪಿನೋ 2018ರಲ್ಲಿ ಕಟ್ಟಿದ. 2020, 2021, 2022 ಮೂರೂ ವರ್ಷ ಟೂರ್‌ಗೆ ಕರೆ ಬಂತು. ಹೊಸ ಪ್ರಾಯೋಜಕ ಸಿಗುತ್ತಾನೆಂಬ ನಂಬಿಕೆಯಲ್ಲಿ ಪುರುಷರ ದೊಡ್ಡ ತಂಡದ ಜೊತೆಗೆ ಮಹಿಳೆಯರ ತಂಡವನ್ನೂ ಕಟ್ಟಲು ಹೊರಟ. 2022ರ ಡಿಸೆಂಬರಿನಲ್ಲಿ, ಉಳಿದ ತಂಡಗಳ ಜಾಗಗಳೆಲ್ಲ ಬಹುಪಾಲು ಭರ್ತಿಯಾದ ಮೇಲೆ, ಹಣವಿಲ್ಲವೆಂದು ಬಾಗಿಲು ಮುಚ್ಚಿತು. ಆ ಮಹಿಳಾ ತಂಡಕ್ಕೆ ಬರಬೇಕಿದ್ದ ಫ್ರಾನ್ಸಿನ ಚಾಂಪಿಯನ್ ಓದ್ರೆ ಕೊರ್ಡೊನ್-ರಾಗೊ ಅದೇ ಸೆಪ್ಟೆಂಬರಿನಲ್ಲಿ ಪಾರ್ಶ್ವವಾಯುವಿನ ಆಘಾತದಿಂದ ಚೇತರಿಸಿಕೊಂಡಿದ್ದವಳು. ಆಕೆ ಜಾಫ್ ಎಂಬ ಮತ್ತೊಂದು ತಂಡ ಸೇರಿದಳು. 2023ರ ಮೊದಲ ತಿಂಗಳುಗಳಲ್ಲಿ ಅಲ್ಲಿಯೂ ಸಂಬಳ ಬರಲಿಲ್ಲ. ಆ ತಂಡವೂ ನೆಲಕಚ್ಚಿತು. ಮೂರನೆಯ ಬಾಗಿಲು ತಟ್ಟಬೇಕಾಯಿತು. ದೇಶದ ಚಾಂಪಿಯನ್ನಳ ಗತಿಯೇ ಇದಾದರೆ ಹೆಸರಿಲ್ಲದವರ ಗತಿಯನ್ನು ನೀವೇ ಊಹಿಸಿ.

ಇನ್ನೊಂದು ತಂಡದ ಕಥೆ ಹೇಳದೆ ಮುಂದೆ ಹೋಗಲು ಮೇಷ್ಟರ ಮನಸ್ಸು ಒಪ್ಪುವುದಿಲ್ಲ. ದಕ್ಷಿಣ ಆಫ್ರಿಕಾದ ಡಗ್ ರೈಡರ್ ಕಟ್ಟಿದ ತಂಡದ ಹೆಸರಿನಲ್ಲಿ ‘ಕುಬೆಕಾ’ ಎಂಬ ಪದವಿತ್ತು; ಮುಂದೆ ಸಾಗು ಎಂದರ್ಥ. ಹಳ್ಳಿಯ ಮಕ್ಕಳಿಗೆ ಶಾಲೆಗೆ ಹೋಗಲು ಸೈಕಲ್ ಕೊಡುವ ಸಂಸ್ಥೆಯ ಹೆಸರದು. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಹಂಚಿದಾಗ ಶಾಲೆಯ ಅಂಗಳದಲ್ಲಿ ನಿಂತು ಮಕ್ಕಳ ಮುಖ ನೋಡಿದವರಿಗೆ ಆ ಸಂಸ್ಥೆಯ ಕೆಲಸದ ಬೆಲೆ ಬೇರೆ ವಿವರಿಸಬೇಕಿಲ್ಲ. ಆ ತಂಡ 2015ರಲ್ಲಿ ಟೂರ್‌ಗೆ ಬಂದ ಆಫ್ರಿಕಾದ ಮೊದಲ ತಂಡವಾಯಿತು. ಮಂಡೇಲಾ ಅವರ ಜನ್ಮದಿನವಾದ ಜುಲೈ 18ರಂದೇ ಸ್ಟೀವ್ ಕಮಿಂಗ್ಸ್ ಅದಕ್ಕೆ ಒಂದು ಹಂತ ಗೆದ್ದುಕೊಟ್ಟ. 2021ರ ಇಟಲಿಯ ಜಿರೊ ಓಟದಲ್ಲಿ ಮೂರು ಹಂತ ಗೆದ್ದಿತು. ಅದೇ ವರ್ಷದ ಕೊನೆಗೆ ಪ್ರಾಯೋಜಕರಿಲ್ಲದೆ ಮೊದಲ ದರ್ಜೆಯಿಂದ ಕಣ್ಮರೆಯಾಯಿತು. ಗೆಲುವೂ ಇತ್ತು, ಪುಣ್ಯದ ಕೆಲಸವೂ ಇತ್ತು. ಎರಡೂ ಸೇರಿ ಒಂದು ವರ್ಷದ ಸಂಬಳವಾಗಲಿಲ್ಲ.

ಈಗ ಎದುರುವಾದಿಗಳ ಮಾತಿಗೆ ಬರೋಣ. ಮೊದಲನೆಯವರು ಹೇಳುತ್ತಾರೆ: “ಇದು ಮಾರುಕಟ್ಟೆ. ಯೋಗ್ಯರಿಗೆ ಪ್ರಾಯೋಜಕ ಸಿಕ್ಕೇ ಸಿಗುತ್ತಾನೆ. ಸತ್ತ ತಂಡಗಳು ಅಯೋಗ್ಯವಾಗಿದ್ದವು.” ಈ ವಾದ ಮಾಡುವವರು 2023ನ್ನು ಮರೆತಿರಬೇಕು. ಆ ವರ್ಷ ನೆದರ್‌ಲ್ಯಾಂಡ್ಸಿನ ಯುಂಬೊ-ವಿಸ್ಮಾ ತಂಡ ಜಿರೊ, ಟೂರ್, ವುಯೆಲ್ಟಾ ಎಂಬ ಮೂರು ಮಹಾ ಓಟಗಳನ್ನೂ ಗೆದ್ದಿತು. ಒಂದೇ ವರ್ಷದಲ್ಲಿ ಮೂರನ್ನೂ ಗೆದ್ದ ತಂಡ ಅದಕ್ಕೆ ಮೊದಲು ಇರಲಿಲ್ಲ. ಅದೇ ವರ್ಷ ಅದರ ಮುಖ್ಯ ಪ್ರಾಯೋಜಕ ಹೊರನಡೆದ; ಆ ಶರತ್ಕಾಲದಲ್ಲಿ ತಂಡ ತನ್ನ ಪ್ರತಿಸ್ಪರ್ಧಿಯೊಂದಿಗೆ ವಿಲೀನವಾಗುವ ಮಾತುಕತೆಗೂ ಕುಳಿತಿತ್ತು. 2011ರಲ್ಲಿ ಗೆಲುವಿನ ಎಣಿಕೆಯಲ್ಲಿ ಮುಂಚೂಣಿಯಲ್ಲಿದ್ದ ಎಚ್‌ಟಿಸಿ-ಹೈರೋಡ್ ಪ್ರಾಯೋಜಕ ಸಿಗದೆ ಮುಚ್ಚಿತು. 2017ರ ಜುಲೈಯಲ್ಲಿ ಕ್ಯಾನನ್‌ಡೇಲ್ ತಂಡದ ರಿಗೊಬೆರ್ತೊ ಉರಾನ್ ಟೂರ್‌ನಲ್ಲಿ ಎರಡನೆಯ ಸ್ಥಾನ ಪಡೆದ. ಆಗಸ್ಟ್‌ನಲ್ಲಿ ಅದೇ ತಂಡ 70 ಲಕ್ಷ ಡಾಲರ್ ಕೊರತೆಯೆಂದು ಸಾರಿ, ಅಭಿಮಾನಿಗಳ ಮುಂದೆ ವಂತಿಗೆಗಾಗಿ ಕೈಯೊಡ್ಡಿತು. ಸೆಪ್ಟೆಂಬರಿನಲ್ಲಿ ಇಎಫ್ ಎಂಬ ಶಿಕ್ಷಣ ಕಂಪನಿ ಬಂದು ಉಳಿಸಿತು. ಯೋಗ್ಯತೆಗೂ ಉಳಿವಿಗೂ ಸಂಬಂಧವೇ ಇಲ್ಲದ ಕಡೆಯನ್ನು ಮಾರುಕಟ್ಟೆ ಎನ್ನುವುದಿಲ್ಲ. ಓಸಿ ಆಟ ಎನ್ನುತ್ತಾರೆ.

ಎರಡನೆಯವರ ಮಾತಿನಲ್ಲಿ ಹುರುಳಿದೆ. “ತಂಡದವರೇನು ಸಾಚಾಗಳೇ? ಮದ್ದು ತಿಂದು ಪ್ರಾಯೋಜಕರ ಮುಖಕ್ಕೆ ಮಸಿ ಬಳಿದವರು ಯಾರು?” ಎನ್ನುತ್ತಾರೆ. ನಿಜ. 1998ರ ಫೆಸ್ಟಿನಾ ಹಗರಣ, 2007ರಲ್ಲಿ ಟಿ-ಮೊಬೈಲ್ ನಿರ್ಗಮನ, 2012ರಲ್ಲಿ ರಾಬೊಬ್ಯಾಂಕ್ ನಿರ್ಗಮನ, ಎಲ್ಲವೂ ಉದ್ದೀಪನ ಮದ್ದಿನ ಫಲವೇ. ವಂಚನೆಯ ಕನಸು ಮಾರಿದ ತಂಡಗಳೂ ಇದ್ದವು. 2001ರ ಜನವರಿಯಲ್ಲಿ ಬ್ರಿಟನ್ನಿನ ಲಿಂಡಾ ಮೆಕಾರ್ಟ್ನಿ ತಂಡದ ಸವಾರರು ಹೊಸ ಋತುವಿನ ಆರಂಭೋತ್ಸವಕ್ಕೆ ಲಂಡನ್ನಿಗೆ ಬಂದಿಳಿದಾಗ, ಹೊಸ ಪ್ರಾಯೋಜಕರೆಂದು ಸಾರಲಾಗಿದ್ದ ದೊಡ್ಡ ಕಂಪನಿಗಳೊಂದಿಗೆ ಒಪ್ಪಂದವೇ ಆಗಿಲ್ಲವೆಂಬುದು ಬಯಲಾಯಿತು. ಆಗ ಕೆಲಸ ಕಳೆದುಕೊಂಡವರಲ್ಲಿ, ಮುಂದೆ 2012ರಲ್ಲಿ ಟೂರ್ ಗೆದ್ದ, ಅಂದು ಇಪ್ಪತ್ತರ ಬ್ರಾಡ್ಲಿ ವಿಗಿನ್ಸ್ ಕೂಡ ಇದ್ದ. ತಪ್ಪಿತಸ್ಥ ವ್ಯವಸ್ಥಾಪಕರನ್ನು ಸಮರ್ಥಿಸಲು ನಾನು ಇಲ್ಲಿ ಕುಳಿತಿಲ್ಲ. ಆದರೆ ಒಂದು ಪ್ರಶ್ನೆ ಕೇಳಲೇಬೇಕು: ಪ್ರತಿ ವರ್ಷ ಬದುಕನ್ನೇ ಹೊಸದಾಗಿ ಬೇಡಿ ತರಬೇಕಾದ ಕಡೆ ಸುಳ್ಳು ಹೇಳುವವನು ಬೆಳೆಯುತ್ತಾನೋ, ಸತ್ಯ ಹೇಳುವವನೋ? “ಮುಂದಿನ ತಿಂಗಳು ಸಹಿಯಾಗುತ್ತದೆ, ಹೋಗಬೇಡ” ಎಂದು ಸವಾರನನ್ನು ಹಿಡಿದಿಟ್ಟುಕೊಳ್ಳದ ವ್ಯವಸ್ಥಾಪಕನ ತಂಡ ಅಕ್ಟೋಬರಿನಲ್ಲೇ ಖಾಲಿಯಾಗುತ್ತದೆ. ಹಿಡಿದಿಟ್ಟುಕೊಂಡವನ ತಂಡ ಡಿಸೆಂಬರಿನಲ್ಲಿ ಬೀದಿಗೆ ಬೀಳುತ್ತದೆ. ಈ ಎರಡರ ನಡುವೆ ಪ್ರಾಮಾಣಿಕನಿಗೆ ಜಾಗವನ್ನೇ ಉಳಿಸದೆ, ಆಮೇಲೆ ಪ್ರಾಮಾಣಿಕತೆಯ ಪಾಠ ಹೇಳುವುದು ಯಾವ ನ್ಯಾಯ?

ಮೂರನೆಯವರು ಲೆಕ್ಕ ಬಲ್ಲವರು. “ಟೂರ್‌ನ ಗಳಿಕೆಯಿಂದಲೇ ಸಂಘಟಕರು ನಷ್ಟದ ಸಣ್ಣ ಓಟಗಳನ್ನೂ ನಡೆಸುತ್ತಾರೆ. ಪ್ರಸಾರ ಹಣವನ್ನು ಎಲ್ಲ ತಂಡಗಳಿಗೆ ಹಂಚಿದರೆ ಒಬ್ಬೊಬ್ಬರಿಗೆ ಬರುವುದೆಷ್ಟು? ದೊಡ್ಡ ತಂಡಕ್ಕೆ ಅದು ಸಾಸಿವೆ” ಎನ್ನುತ್ತಾರೆ. ಮೊದಲ ಮಾತಿಗೆ ಉತ್ತರ: ಸಣ್ಣ ಓಟಗಳು ಬದುಕಬೇಕೆಂಬುದು ನಿಜ; ಅವುಗಳಲ್ಲಿ ಓಡುವ ಸಣ್ಣ ತಂಡಗಳು ಸತ್ತರೆ ಓಡುವವರು ಯಾರು? ಎರಡನೆಯ ಮಾತನ್ನು ಒಪ್ಪುತ್ತೇನೆ, ದೊಡ್ಡ ತಂಡಕ್ಕೆ ಅದು ಸಾಸಿವೆಯೇ. ಆದರೆ ಸಾಸಿವೆಯಿಲ್ಲದೆ ಒಗ್ಗರಣೆಯಾಗುವುದಿಲ್ಲ. ಬಡ ತಂಡಕ್ಕೆ ಪ್ರತಿ ವರ್ಷ ಖಚಿತವಾಗಿ ಬರುವ ಚಿಕ್ಕ ಮೊತ್ತ, ಬಂದರೂ ಬರಬಹುದಾದ ದೊಡ್ಡ ಮೊತ್ತಕ್ಕಿಂತ ಬೆಲೆಯುಳ್ಳದ್ದು. ತಿಂಗಳ ಒಂದನೆಯ ತಾರೀಖು ಸಂಬಳ ಬರುತ್ತದೆಂಬ ಭರವಸೆಯ ಮೇಲೆ ಮನೆ ಕಟ್ಟಿ, ಮಕ್ಕಳನ್ನು ಓದಿಸಿದ ನಮ್ಮಂತಹ ಮೇಷ್ಟರುಗಳಿಗೆ ಇದು ಗೊತ್ತು. ಮೊತ್ತ ಸಣ್ಣದಿತ್ತು; ಆದರೆ ಒಂದನೆಯ ತಾರೀಖು ತಪ್ಪುತ್ತಿರಲಿಲ್ಲ. ಇತ್ತ ನಮ್ಮ ಐಪಿಎಲ್ ನೋಡಿ. ಅದರ ಬಗ್ಗೆ ನನಗೆ ನೂರು ತಕರಾರುಗಳಿವೆ. ಆದರೂ ಅಲ್ಲಿ ಪ್ರಸಾರ ಹಕ್ಕಿನ ಹಣದಲ್ಲಿ ತಂಡಗಳಿಗೆ ಪಾಲು ಇದೆ. ಹತ್ತನೆಯ ಸ್ಥಾನದಲ್ಲಿ ಬಂದ ತಂಡವೂ ಮರುವರ್ಷ ಆಡಲು ಬರುತ್ತದೆ. ಕ್ರಿಕೆಟ್ಟಿಗೆ ಸಾಧ್ಯವಾದದ್ದು ನೂರಿಪ್ಪತ್ತು ವರ್ಷಗಳ ಟೂರ್‌ಗೆ ಏಕೆ ಸಾಧ್ಯವಾಗಬಾರದು?

ನನ್ನ ಬೇಡಿಕೆಗಳು ಕ್ರಾಂತಿಕಾರಕವೇನಲ್ಲ. ಒಂದು, ಮಹಾ ಓಟಗಳ ಪ್ರಸಾರ ಗಳಿಕೆಯಲ್ಲಿ ತಂಡಗಳಿಗೆ ನಿಗದಿತ ಪಾಲಿರಲಿ. ಅದರಲ್ಲಿ ಅರ್ಧವಾದರೂ ಎಲ್ಲರಿಗೂ ಸಮನಾಗಿ ಹಂಚಲ್ಪಡಲಿ. ಎರಡು, ಸಂಘಟಕರು ಕೊಡುವ ಭತ್ಯೆ ತಂಡವೊಂದು ಆ ಓಟಕ್ಕೆ ಬಂದುಹೋಗುವ ನಿಜವಾದ ಖರ್ಚನ್ನಾದರೂ ತುಂಬಲಿ. ಮೂರು, ಬ್ಯಾಂಕ್ ಖಾತರಿ ಎಂಬುದು ಸಂಬಳ ನಿಂತ ಸವಾರನಿಗೂ ಸಿಬ್ಬಂದಿಗೂ ಮರುತಿಂಗಳೇ ಕೈಗೆ ಸಿಗುವಂತಿರಲಿ, ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆಯುವಂತಿರಬಾರದು. ನಾಲ್ಕು, ಎಳೆಯ ಸವಾರನನ್ನು ಹುಡುಕಿ ಬೆಳೆಸಿದ ಬಡ ತಂಡದಿಂದ ಆತನನ್ನು ದೊಡ್ಡ ತಂಡ ಒಯ್ದಾಗ ಬೆಳೆಸಿದವರಿಗೂ ಪಾಲು ಬರಲಿ. ಸಸಿ ನೆಟ್ಟವನು ಒಬ್ಬ, ಹಣ್ಣು ತಿಂದವನು ಇನ್ನೊಬ್ಬ ಎಂಬುದು ಲೋಕರೂಢಿ ಇರಬಹುದು. ನಿಯಮವಾಗಿ ಅದನ್ನು ಒಪ್ಪಬೇಕಿಲ್ಲ.

ಇವು ಆಗುವವರೆಗೆ ಎರಡು ಬಗೆಯ ತಂಡಗಳೇ ಉಳಿಯುತ್ತವೆ: ಸರ್ಕಾರಗಳ, ಕೋಟ್ಯಧೀಶರ ಬೊಕ್ಕಸದಿಂದ ನಡೆಯುವವು, ಮತ್ತು ಅವುಗಳಿಗೆ ಎಳೆಯರನ್ನು ಒದಗಿಸಿ ತಾವು ಸಾಯುವವು. 2025ರ ಕೊನೆಯಲ್ಲಿ ಬ್ರಿಟನಿ ಪ್ರಾಂತದ ಆರ್ಕೆಯಾ ತಂಡ ಎರಡೂ ಪ್ರಾಯೋಜಕರನ್ನು ಕಳೆದುಕೊಂಡು ಮುಚ್ಚಿತು, ಜೊತೆಗೆ ಅದರ ಮಹಿಳಾ ತಂಡವೂ. ಅದರ ತರುಣ ಕೆವಿನ್ ವೊಕ್ಲಾಂ ಆ ವರ್ಷದ ಟೂರ್‌ನಲ್ಲಿ ಏಳನೆಯವನಾಗಿದ್ದ. ಅವನಿಗೆ ಇಂಗ್ಲೆಂಡಿನ ಸಿರಿವಂತ ತಂಡದಲ್ಲಿ ಜಾಗ ಸಿಕ್ಕಿತು. ಅವನ ಸೈಕಲ್ಲಿನ ಸರಪಳಿ ಒರೆಸುತ್ತಿದ್ದವರಿಗೆಲ್ಲ ಹಾಗೆ ಜಾಗ ಸಿಗುವುದಿಲ್ಲ.

ಆದ್ದರಿಂದ ನನ್ನ ಹಳೆಯ ವಿದ್ಯಾರ್ಥಿಗಳಿಗೆ, ಅವರೊಂದಿಗೆ ನಿಮ್ಮೆಲ್ಲರಿಗೂ, ಒಂದು ಬಿನ್ನಹ. ಮುಂದಿನ ಜುಲೈಯಲ್ಲಿ ಯಾವುದೋ ಬಡ ತಂಡದ ಹುಡುಗ ಕೈಗಳೆರಡನ್ನೂ ಮೇಲೆತ್ತಿ ಗೆರೆ ದಾಟುತ್ತಾನೆ. ಚಪ್ಪಾಳೆ ತಟ್ಟಿ, ನಾನೂ ತಟ್ಟುತ್ತೇನೆ. ಆದರೆ “ನೋಡಿ, ಹಣ ಬೇಕಾಗಿಲ್ಲ” ಎಂಬ ಸಂದೇಶವನ್ನು ಮಾತ್ರ ನನಗೆ ಕಳುಹಿಸಬೇಡಿ. ಅದರ ಬದಲು, ಆ ತಂಡದ ಮೆಕ್ಯಾನಿಕ್ಕನಿಗೆ ಮುಂದಿನ ಜನವರಿಯಲ್ಲಿ ಕೆಲಸವಿದೆಯೇ ಎಂಬುದನ್ನು ವಿಚಾರಿಸಿ ತಿಳಿಸಿ. ಇದೆ ಎಂದಾದರೆ ಅಂದು ಪೇಢೆ ನಾನೇ ಹಂಚುತ್ತೇನೆ.